ರಾಕೆಟ್ ಯಾರದ್ದು? ಕಲಾಸಿಪಾಳ್ಯದ ಸೈಬರ್ ಸೆಂಟರ್‌ನಿಂದ ಒಂದು ಇತಿಹಾಸ ಪಾಠ

ಇವತ್ತಿನ ಕಥೆ ಶುರುವಾಗೋದು ಕಲಾಸಿಪಾಳ್ಯದಲ್ಲಿ.

ಕಲಾಸಿಪಾಳ್ಯ ಅಂದ ಕೂಡಲೇ ನಿಮಗೆ ನೆನಪಾಗೋದು ಬಸ್ ಸ್ಟ್ಯಾಂಡ್, ತರಕಾರಿ ಮಾರ್ಕೆಟ್, ಲಾರಿ ಬಿಡಿಭಾಗಗಳ ಅಂಗಡಿ, ಇಲ್ಲಾಂದ್ರೆ 2004ರ ಆ ಸಿನಿಮಾ. ನನಗೆ ಮಾತ್ರ ನೆನಪಾಗೋದು ಒಂದು ಸೈಬರ್ ಸೆಂಟರ್. ಅಪ್ಪನ ಅಂಗಡಿ ಪಕ್ಕದ ಮಹಡಿ ಮೇಲಿತ್ತು. ಆರು ಕಂಪ್ಯೂಟರ್, ಒಂದು ಫ್ಯಾನ್. ಸ್ಕೂಲ್ ಮುಗಿಸಿ ಅಂಗಡಿಗೆ ಬಂದವನು, ಚಿಲ್ಲರೆ ಕೇಳಿ ಇಸ್ಕೊಂಡು ಮೇಲೆ ಓಡ್ತಿದ್ದೆ. ಅಲ್ಲೇ ನಾನು 'ಏಜ್ ಆಫ್ ಎಂಪೈರ್ಸ್' ಆಡಿದ್ದು.

ಈಗ ನಾನು ಇತಿಹಾಸದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ವಿಷಯ: ವಿಡಿಯೋ ಗೇಮ್‌ಗಳು ಜಪಾನ್, ಕೊರಿಯಾ, ಚೀನಾದ ಚರಿತ್ರೆಯನ್ನ ಹೇಗೆ ತೋರಿಸ್ತವೆ ಅನ್ನೋದು. 'ಗೇಮ್ ಆಡೋಕೂ ಡಾಕ್ಟರೇಟಾ?' ಅಂತ ಅಪ್ಪ ಇವತ್ತಿಗೂ ನಗ್ತಾರೆ.

ಒಂದು ದಿನ ಗೈಡ್ ಮೇಡಂ ಮುಂದೆ ಕೊರಿಯಾದ 'ಹ್ವಾಚಾ' ಬಗ್ಗೆ ಉತ್ಸಾಹದಿಂದ ಮಾತಾಡ್ತಿದ್ದೆ. ಎರಡು ಚಕ್ರದ ಗಾಡಿ, ಅದರ ಮೇಲೆ ಸಾಲಾಗಿ ಜೋಡಿಸಿದ ಬೆಂಕಿಬಾಣಗಳು, ಒಂದೇ ಸಲಕ್ಕೆ ಹತ್ತಾರು ಹಾರ್ತವೆ. ಮೊದಲು ಮಾಡಿದ್ದು 1409ರಲ್ಲಿ. 1593ರಲ್ಲಿ ಹೇಂಗ್ಜು ಕೋಟೆಯಲ್ಲಿ ಜಪಾನೀ ಸೈನ್ಯವನ್ನ ತಡೆದಾಗ ಬಳಸಿದ್ರು. ಎಲ್ಲ ಬಾಯಿಪಾಠ. ಮೇಡಂ ಪೂರ್ತಿ ಕೇಳಿಸ್ಕೊಂಡು, 'ಸರಿಯಪ್ಪ, ನಿಮ್ಮ ಅಂಗಡಿ ಪಕ್ಕದ ಕೋಟೆ ಬಿದ್ದಿದ್ದು ಯಾವತ್ತು?' ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಹತ್ತು ನಿಮಿಷ ನಡೆದ್ರೆ ಸಿಗೋ ಕೋಟೆ ಅದು.

ಆ ಸಂಜೆನೇ ನಡ್ಕೊಂಡು ಹೋದೆ. ಕೆ.ಆರ್. ಮಾರ್ಕೆಟ್ ಹತ್ರ ಕೋಟೆಯಲ್ಲಿ ಉಳಿದಿರೋದು ಡೆಲ್ಲಿ ಗೇಟ್ ಮತ್ತು ಸ್ವಲ್ಪ ಗೋಡೆ. ಆ ಗೋಡೆಯಲ್ಲಿ ಒಂದು ಕಲ್ಲಿನ ಫಲಕ ಇದೆ. ಬ್ರಿಟಿಷರು ಗೋಡೆ ಒಡೆದು ಒಳಗೆ ನುಗ್ಗಿದ್ದು ಇಲ್ಲಿಂದಲೇ, 1791ರ ಮಾರ್ಚ್ 21ರಂದು ಅಂತ ಅದು ಇಂಗ್ಲಿಷಲ್ಲಿ ಹೇಳುತ್ತೆ. ನುಗ್ಗಿದವರ ಲೆಕ್ಕ ಇದೆ. ಒಳಗಿದ್ದವರು ಯಾರು ಅನ್ನೋದು ಅದರಲ್ಲಿಲ್ಲ.

ಒಳಗಿದ್ದ ಕಿಲ್ಲೇದಾರನ ಹೆಸರು ಬಹಾದ್ದೂರ್ ಖಾನ್. ವಯಸ್ಸಾದ ಮನುಷ್ಯ. ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ ಮಾರ್ಚ್ 7ಕ್ಕೆ ಪೇಟೆಯನ್ನ ಹಿಡಿದಿತ್ತು. ನೇಕಾರರು, ವ್ಯಾಪಾರಿಗಳು ತುಂಬಿದ್ದ ಪೇಟೆ ಅದು. ಆಮೇಲೆ ಎರಡು ವಾರ ಕೋಟೆಗೆ ಫಿರಂಗಿ ಹೊಡೆತ. ಟಿಪ್ಪು ತನ್ನ ಸೈನ್ಯದ ಜೊತೆ ಹೊರಗಿದ್ದ. 21ರ ರಾತ್ರಿ ಒಡೆದ ಗೋಡೆ ಹತ್ರ ಹೋರಾಡ್ತಾ ಬಹಾದ್ದೂರ್ ಖಾನ್ ಸತ್ತ. ಜಪಾನಿನ ಓಡಾ ನೊಬುನಾಗಾ ಹೇಗೆ ಸತ್ತ ಅಂತ ನನಗೆ ಹದಿಮೂರನೇ ವಯಸ್ಸಿಗೇ ಗೊತ್ತಿತ್ತು. ಈ ಹೆಸರು ಕೇಳಿದ್ದು ಇಪ್ಪತ್ತೇಳಕ್ಕೆ.

ಈಗ ಗೇಮ್‌ಗೆ ವಾಪಸ್ ಬರೋಣ. 'ಏಜ್ ಆಫ್ ಎಂಪೈರ್ಸ್ 3' ಬಂದಿದ್ದು 2005ರಲ್ಲಿ. ಅದರಲ್ಲಿ ರಾಕೆಟ್ ಅನ್ನೋ ಆಯುಧ ಒಂದೇ ಒಂದು ದೇಶಕ್ಕೆ ಸಿಗುತ್ತೆ: ಬ್ರಿಟನ್‌ಗೆ. 2007ರಲ್ಲಿ 'ದಿ ಏಷ್ಯನ್ ಡೈನಾಸ್ಟೀಸ್' ಬಂದು ಚೀನಾ, ಜಪಾನ್ ಜೊತೆ ಭಾರತವೂ ಸೇರ್ತು. ನಮಗೆ ಏನು ಸಿಕ್ತು? ಆನೆ. ಕೋಟೆ ಒಡೆಯೋಕೆ ಒಂದು ಆನೆ, ಫಿರಂಗಿ ಹೊತ್ತ ಇನ್ನೊಂದು ಆನೆ. ಕಲಾಸಿಪಾಳ್ಯದಲ್ಲಿ ಕೂತು ನಾನು ಖುಷಿಯಾಗಿ ಬ್ರಿಟನ್ ಆರಿಸ್ಕೊಂಡು, ಪಕ್ಕದ ಸೀಟಿನವನ ಆನೆಗಳ ಮೇಲೆ ರಾಕೆಟ್ ಬಿಡ್ತಿದ್ದೆ.

ನಿಜ ಏನು? ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಉದ್ದನೆಯ ಬಿದಿರಿಗೆ ಕಟ್ಟಿ ಹಾರಿಸೋ ರಾಕೆಟ್ ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ಸೈನ್ಯದ್ದು. ಕಾಗದ, ಬಿದಿರಿನ ಕೊಳವೆ ತಡೆಯಲಾರದಷ್ಟು ಒತ್ತಡವನ್ನ ಕಬ್ಬಿಣ ತಡೀತಿತ್ತು. ಹಾಗಾಗಿ ಹೆಚ್ಚು ಮದ್ದು ತುಂಬಬಹುದಿತ್ತು, ಹೆಚ್ಚು ದೂರ ಹೋಗ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಕರ್ನಲ್ ಬೈಲಿಯ ಪಡೆ ಸೋತಾಗಲೂ ಇವು ಅಲ್ಲಿದ್ವು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ರಾಕೆಟ್‌ಗಳು ಇಂಗ್ಲೆಂಡಿಗೆ ಹೋದ್ವು. ವಿಲಿಯಂ ಕಾಂಗ್ರೀವ್ ವೂಲ್‌ವಿಚ್‌ನಲ್ಲಿ ಅವನ್ನ ಸುಧಾರಿಸಿ ತನ್ನ ಹೆಸರಲ್ಲೇ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಮೇಲೆ ಬಿದ್ದಿದ್ದು ಅವೇ. ಗೇಮ್‌ನಲ್ಲಿ ಬ್ರಿಟನ್‌ಗೆ ಕೊಟ್ಟಿದ್ದೂ ಅದನ್ನೇ.

ನಮ್ಮ ನೆಲದಲ್ಲಿ ಸಾಕ್ಷಿಗೇನೂ ಬರ ಇಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಲ್ಲಿ, ಹಾಳು ಬಾವಿಯೊಂದರಿಂದ 1000ಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಬೆಂಗಳೂರಿನ ಪೇಟೆಯೊಳಗಿನ ತಾರಾಮಂಡಲಪೇಟೆಯ ಹೆಸರನ್ನೂ ರಾಕೆಟ್ ತಯಾರಿಕೆ ಜೊತೆ ಸೇರಿಸಿ ಹೇಳೋದುಂಟು. ಪಟಾಕಿಗೆ ನಾವು ಬಾಣಬಿರುಸು ಅಂತೀವಲ್ಲ, ಆ ಪದದಲ್ಲೂ ಬಾಣ ಇದೆ.

'ಹಾಗಾದ್ರೆ ಗೇಮ್ ಸುಳ್ಳು, ರಾಕೆಟ್ ನಮ್ದೇ' ಅಂತ ಇಲ್ಲಿಗೆ ಮುಗಿಸಿದ್ರೆ ನಿಮಗೂ ಖುಷಿ, ನನಗೂ ಖುಷಿ. ಆದ್ರೆ ಅದು ಅರ್ಧ ಸತ್ಯ. ಮದ್ದು ಹುಟ್ಟಿದ್ದು ಚೀನಾದಲ್ಲಿ. ಬೆಂಕಿಬಾಣ ಅಲ್ಲಿಂದ ಕೊರಿಯಾಕ್ಕೂ ಹೋಯ್ತು, ಪಶ್ಚಿಮಕ್ಕೂ ಬಂತು. ಮೈಸೂರಿನವರು ಅದಕ್ಕೆ ಗಟ್ಟಿ ಕಬ್ಬಿಣದ ಮೈ ಕೊಟ್ರು. ದೊಡ್ಡ ಕೆಲಸವೇ, ಆದ್ರೆ ಮೊದಲನೇ ಕೆಲಸ ಅಲ್ಲ.

ಹೀಗೆ ಎಡವೋದು ನಮ್ಮ ವಿಷಯದಲ್ಲಿ ಮಾತ್ರ ಅಂತಲೂ ಅಂದ್ಕೋಬೇಡಿ. 2020ರ 'ಘೋಸ್ಟ್ ಆಫ್ ತ್ಸುಶಿಮಾ' ಆಡಿದವರಿಗೆ ಗೊತ್ತು. ಕಥೆ ನಡೆಯೋದು 1274ರಲ್ಲಿ, ಮಂಗೋಲರು ಜಪಾನಿನ ದ್ವೀಪದ ಮೇಲೆ ಬಿದ್ದಾಗ. ಅಲ್ಲಿ ಮಂಗೋಲರ ಕೈಯಲ್ಲಿ ಹ್ವಾಚಾ ಇದೆ! ಅದು ಹುಟ್ಟೋಕೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಬಾಕಿ ಇತ್ತು, ಅದೂ ಕೊರಿಯಾದಲ್ಲಿ. ಆ ದಂಡಯಾತ್ರೆಗೆ ಬಲವಂತವಾಗಿ ಹಡಗು ಕಟ್ಟಿಕೊಟ್ಟವರು ಕೊರಿಯಾದ ಜನ. ಅವರ ಪಾಡು ಗೇಮ್‌ನಲ್ಲಿ ಹಿಂದೆ ಸರಿದಿದೆ, ಮುಂದೆ ಅವರು ಕಂಡುಹಿಡಿಯೋ ಗಾಡಿ ಮಾತ್ರ ಇದೆ. ಅಲ್ಲಿ ಕೊರಿಯಾದ್ದು ಮಂಗೋಲರಿಗೆ, ಇಲ್ಲಿ ಮೈಸೂರಿನದ್ದು ಬ್ರಿಟಿಷರಿಗೆ.

ಯಾಕೆ ಹೀಗೆ? ಯಾರೋ ಕೂತು ಸಂಚು ಮಾಡಿದ್ರು ಅಂತ ನನಗನ್ನಿಸಲ್ಲ. ಇಂಥ ಗೇಮ್‌ಗೆ ಪ್ರತಿ ದೇಶಕ್ಕೂ ಒಂದು ಡಬ್ಬಿ ಬೇಕು. ಈ ಡಬ್ಬಿಯಲ್ಲಿ ಸಮುರಾಯ್, ಆ ಡಬ್ಬಿಯಲ್ಲಿ ಆನೆ, ಇನ್ನೊಂದರಲ್ಲಿ ರಾಕೆಟ್. ಬೇರೆಬೇರೆ ಇದ್ರೇನೇ ಆಟಕ್ಕೆ ಮಜಾ. ಆದ್ರೆ ಚರಿತ್ರೆಯಲ್ಲಿ ವಸ್ತುಗಳು ಡಬ್ಬಿಯಲ್ಲಿ ಇರಲ್ಲ, ಊರಿಂದೂರಿಗೆ ಹೋಗ್ತಾ ಇರ್ತವೆ.

ಇನ್ನೊಂದು ಮಾತು. ಟಿಪ್ಪುವನ್ನ ಹೀರೋ ಮಾಡೋ ಗೇಮ್ ಬಂದ್ರೆ ಸಾಕಾ? ಕೊಡಗಿನವರನ್ನ, ಮೇಲುಕೋಟೆಯವರನ್ನ ಕೇಳಿ, ಅವರ ನೆನಪು ಬೇರೆನೇ ಇದೆ. ಗೇಮ್‌ನಲ್ಲಿ ಎದುರಾಳಿಗೆ ಒಂದು ಬಣ್ಣ ಕೊಟ್ರೆ ಮುಗೀತು. ಇತಿಹಾಸ ಓದೋನು ಒಂದೇ ಕಡೆಯ ಕಂಟ್ರೋಲರ್ ಹಿಡ್ಕೊಂಡು ಕೂರೋ ಹಾಗಿಲ್ಲ.

ಗೇಮ್ ಬಿಡಿ ಅಂತ ನಾನು ಹೇಳಲ್ಲ. ಆ ಸೈಬರ್ ಸೆಂಟರ್ ಇಲ್ದೇ ಇದ್ದಿದ್ರೆ ನಾನು ಇತಿಹಾಸದ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಈಗ ಆಡೋವಾಗ ಒಂದು ಪ್ರಶ್ನೆ ಮಾತ್ರ ಜೊತೆಗಿಟ್ಕೊಂಡಿದ್ದೀನಿ: ಇದು ಇವರ ಕೈಗೆ ಬರೋ ಮುಂಚೆ ಯಾರ ಕೈಯಲ್ಲಿತ್ತು?

ಮುಂದಿನ ಸಲ ಕಲಾಸಿಪಾಳ್ಯದಲ್ಲಿ ಬಸ್‌ಗೆ ಕಾಯ್ತಾ ಅರ್ಧ ಗಂಟೆ ಸಿಕ್ರೆ, ಫೋನ್ ಜೇಬಿಗಿಟ್ಟು ಕೋಟೆ ತನಕ ಹೋಗಿ ಬನ್ನಿ. ಫಲಕ ಓದಿ. ಬಹಾದ್ದೂರ್ ಖಾನ್ ಹೆಸರು ಅಲ್ಲಿ ಇಲ್ಲ, ಆದ್ರೆ ಈಗ ನಿಮಗೆ ಗೊತ್ತಿದೆ.