ಜೀವಕೋಶದ ವಿದ್ಯುನ್ಮಂಡಲದಲ್ಲಿ ದೋಷ ಪತ್ತೆ

ಒಂದು ಶುಷ್ಕಕೋಶ, ಒಂದು ಸ್ವಿಚ್ಚು, ಒಂದು ಬಲ್ಬು ಇರುವ ಸರಳ ವಿದ್ಯುನ್ಮಂಡಲವನ್ನು ನೀವು ಜೋಡಿಸಿದ್ದೀರಿ ಎನ್ನೋಣ. ಬಲ್ಬು ಉರಿಯುತ್ತಿಲ್ಲ. ಶುಷ್ಕಕೋಶವನ್ನು ಬೇರೆ ಬಲ್ಬಿಗೆ ಜೋಡಿಸಿ ನೋಡುತ್ತೀರಿ, ಅದು ಸರಿಯಾಗಿದೆ. ಬಲ್ಬನ್ನು ಬೇರೆ ಶುಷ್ಕಕೋಶಕ್ಕೆ ಜೋಡಿಸುತ್ತೀರಿ, ಅದೂ ಉರಿಯುತ್ತದೆ. ಸ್ವಿಚ್ಚಿನಲ್ಲಿಯೂ ದೋಷವಿಲ್ಲ. ಬಿಡಿಬಿಡಿಯಾಗಿ ಎಲ್ಲವೂ ಸರಿಯಿದ್ದು ಒಟ್ಟಾಗಿ ಕೆಲಸ ಮಾಡದಿದ್ದರೆ ದೋಷ ಅವುಗಳನ್ನು ಕೂಡಿಸುವ ತಂತಿಯಲ್ಲಿರಬೇಕು. 1989ರಲ್ಲಿ ಇದೇ ಬಗೆಯ ತರ್ಕ ಇಬ್ಬರು ಅಕ್ಕತಂಗಿಯರ ಕಾಯಿಲೆಯ ಕಾರಣವನ್ನು ಹೊರಗೆಡವಿತು. ಮೈಟೊಕಾಂಡ್ರಿಯ ಸಂಬಂಧದ ಹೆಚ್ಚಿನ ಕಾಯಿಲೆಗಳಿಗೆ ಇಂದಿಗೂ ಪೂರ್ಣ ಚಿಕಿತ್ಸೆ ಇಲ್ಲ. ಆದರೆ ಕೆಲವಕ್ಕೆ ಇದೆ. ಆ ಕೆಲವನ್ನು ಗುರುತಿಸಲು ವಿಜ್ಞಾನಿಗಳು ಕಲಿತ ಬಗೆ ಹೇಗೆಂದು ನೋಡೋಣ.

ಪೊರೆಯಲ್ಲಿ ಎಲೆಕ್ಟ್ರಾನುಗಳ ದಾರಿ

ನಮ್ಮ ಜೀವಕೋಶಗಳಿಗೆ ಬೇಕಾದ ಶಕ್ತಿಯ ಬಹುಪಾಲನ್ನು ಒದಗಿಸುವ ಕಣದಂಗ ಮೈಟೊಕಾಂಡ್ರಿಯ. ಆಹಾರದಿಂದ ದೊರೆತ ಎಲೆಕ್ಟ್ರಾನುಗಳು ಅದರ ಒಳಪೊರೆಯಲ್ಲಿರುವ ಪ್ರೋಟೀನ್ ಸಂಕೀರ್ಣಗಳ ಮೂಲಕ ಸಾಗಿ ಕೊನೆಗೆ ಆಕ್ಸಿಜನ್ನನ್ನು ಸೇರುತ್ತವೆ. ಇಂಥ ನಾಲ್ಕು ಸಂಕೀರ್ಣಗಳಿವೆ. 1ನೆಯ ಹಾಗೂ 2ನೆಯ ಸಂಕೀರ್ಣಗಳಿಂದ 3ನೆಯದಕ್ಕೆ ಎಲೆಕ್ಟ್ರಾನುಗಳನ್ನು ಒಯ್ಯುವುದು ಕೋಎಂಜೈಮ್ ಕ್ಯೂ10 ಎಂಬ ಸಣ್ಣ ಅಣು. 3ರಿಂದ 4ಕ್ಕೆ ಒಯ್ಯುವುದು ಸೈಟೋಕ್ರೋಮ್ ಸಿ. ಕೋಎಂಜೈಮ್ ಕ್ಯೂವನ್ನು 1957ರಲ್ಲಿ ಅಮೆರಿಕದ ಫ್ರೆಡರಿಕ್ ಕ್ರೇನ್ ಮತ್ತು ಸಂಗಡಿಗರು ದನದ ಹೃದಯದ ಮೈಟೊಕಾಂಡ್ರಿಯದಿಂದ ಬೇರ್ಪಡಿಸಿದರು.

ಎಲೆಕ್ಟ್ರಾನುಗಳು ಹರಿಯುವಾಗ ಬಿಡುಗಡೆಯಾಗುವ ಶಕ್ತಿ ಪ್ರೋಟಾನುಗಳನ್ನು ಪೊರೆಯ ಹೊರಬದಿಗೆ ತಳ್ಳುತ್ತದೆ. ಅವು ಮರಳಿ ಒಳಬರುವಾಗ, ಅಣೆಕಟ್ಟೆಯ ನೀರು ಟರ್ಬೈನನ್ನು ತಿರುಗಿಸುವಂತೆ, ಎಟಿಪಿ ತಯಾರಾಗುತ್ತದೆ. ಈ ಸಿದ್ಧಾಂತವನ್ನು 1961ರಲ್ಲಿ ಮಂಡಿಸಿದ ಬ್ರಿಟನ್ನಿನ ಪೀಟರ್ ಮಿಚೆಲ್‌ಗೆ 1978ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಪೊರೆಯ ಎರಡು ಬದಿಗಳ ನಡುವಣ ವಿಭವಾಂತರ ಸುಮಾರು 0.15 ವೋಲ್ಟ್ ಮಾತ್ರ. ಆದರೆ ಪೊರೆಯ ದಪ್ಪ ಸುಮಾರು 6 ನ್ಯಾನೊಮೀಟರ್. ಭಾಗಿಸಿ ನೋಡಿ: ವಿದ್ಯುತ್ ಕ್ಷೇತ್ರ ಮೀಟರಿಗೆ ಎರಡೂವರೆ ಕೋಟಿ ವೋಲ್ಟ್!

ಮೊದಲ ರೋಗಿ

ಮೈಟೊಕಾಂಡ್ರಿಯದ ದೋಷವೇ ಕಾಯಿಲೆಗೆ ಕಾರಣ ಎಂದು ಮೊದಲು ತೋರಿಸಿದ್ದು 1962ರಲ್ಲಿ, ಸ್ವೀಡನ್ನಿನ ರಾಲ್ಫ್ ಲುಫ್ಟ್ ಮತ್ತು ಸಂಗಡಿಗರು. ಅವರ ರೋಗಿ 35 ವರ್ಷದ ಮಹಿಳೆ. ಚಿಕ್ಕಂದಿನಿಂದಲೂ ವಿಪರೀತ ಬೆವರು. ಬಹಳ ಉಂಡರೂ ಮೈ ಬಡಕಲು. ವಿಶ್ರಾಂತಿಯಲ್ಲಿದ್ದಾಗಲೂ ದೇಹ ಬಳಸುತ್ತಿದ್ದ ಶಕ್ತಿ ಸಾಮಾನ್ಯರ ಎರಡು ಪಟ್ಟಿಗಿಂತ ಹೆಚ್ಚು. ಇಂಥ ಲಕ್ಷಣಗಳನ್ನು ಕಂಡಾಗ ವೈದ್ಯರು ಮೊದಲು ಥೈರಾಯ್ಡ್ ಗ್ರಂಥಿಯನ್ನು ಸಂಶಯಿಸುತ್ತಾರೆ. ಆದರೆ ಆಕೆಯ ಥೈರಾಯ್ಡ್ ಸರಿಯಾಗಿತ್ತು.

ಲುಫ್ಟ್ ತಂಡ ಆಕೆಯ ಸ್ನಾಯುವಿನಿಂದ ಮೈಟೊಕಾಂಡ್ರಿಯಗಳನ್ನು ಬೇರ್ಪಡಿಸಿ ಅವು ಆಕ್ಸಿಜನ್ ಬಳಸುವ ವೇಗವನ್ನು ಅಳೆಯಿತು. ಎಟಿಪಿಯಾಗಿ ಮಾರ್ಪಡಬೇಕಾದ ಎಡಿಪಿ ಮುಗಿದರೆ ಆರೋಗ್ಯವಂತರ ಮೈಟೊಕಾಂಡ್ರಿಯ ತನ್ನ ವೇಗವನ್ನು ತಗ್ಗಿಸುತ್ತದೆ. ಆಕೆಯಲ್ಲಿ ಹಾಗಾಗುತ್ತಿರಲಿಲ್ಲ. ವಾಹನ ನಿಂತಿದ್ದರೂ ಎಂಜಿನ್ ಭರದಿಂದ ಓಡುತ್ತಿದ್ದರೆ ಪೆಟ್ರೋಲೂ ವ್ಯರ್ಥ, ಬಿಸಿಯೂ ಹೆಚ್ಚು. ಆಕೆಯ ಸ್ಥಿತಿ ಹಾಗಿತ್ತು. ಕಾರಣ ಗೊತ್ತಾಯಿತು, ಗುಣಪಡಿಸುವ ದಾರಿ ಮಾತ್ರ ಸಿಗಲಿಲ್ಲ.

ಮುಂದಿನ ವರ್ಷಗಳಲ್ಲಿ ಜ್ಞಾನ ಬೇಗ ಬೆಳೆಯಿತು. ಮೈಟೊಕಾಂಡ್ರಿಯದಲ್ಲಿ ಅದರದೇ ಡಿಎನ್‌ಎ ಇದೆಯೆಂದು 1963ರಲ್ಲಿ ತಿಳಿಯಿತು. ಮಾನವರಲ್ಲಿ ಅದರ 16,569 ಜೋಡಿ ಅಕ್ಷರಗಳನ್ನು 1981ರಲ್ಲಿ ಓದಲಾಯಿತು. ಅದರಲ್ಲಿನ ದೋಷಗಳಿಂದ ಕಾಯಿಲೆ ಬರುತ್ತದೆಂದು 1988ರಲ್ಲಿ ಖಚಿತವಾಯಿತು. ಆದರೆ ಮೈಟೊಕಾಂಡ್ರಿಯದ ಪ್ರೋಟೀನುಗಳಲ್ಲಿ 13 ಮಾತ್ರ ಈ ಡಿಎನ್‌ಎಯ ಸೂಚನೆಯಂತೆ ತಯಾರಾಗುತ್ತವೆ. ಉಳಿದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ಜೀನುಗಳು ಜೀವಕೋಶದ ಕೇಂದ್ರದಲ್ಲಿವೆ.

ಭಾಗಗಳು ಸರಿ, ಸಂಪರ್ಕ ಇಲ್ಲ

ಈಗ ಅಕ್ಕತಂಗಿಯರ ವಿಷಯಕ್ಕೆ ಬರೋಣ. ಬಾಲ್ಯದಿಂದಲೇ ಅವರಿಗೆ ಸ್ನಾಯುಗಳ ಬಲಹೀನತೆ, ಬೇಗನೆ ದಣಿವು. ಮಿದುಳಿನ ಕೆಲಸದಲ್ಲಿಯೂ ತೊಂದರೆ. ಒಗಸಹರ, ಎಂಗೆಲ್ ಮತ್ತು ಸಂಗಡಿಗರು ಅವರ ಸ್ನಾಯುವಿನ ತುಣುಕನ್ನು ಪರೀಕ್ಷಿಸಿದರು. 1, 2, 3, 4 - ಒಂದೊಂದೇ ಸಂಕೀರ್ಣವನ್ನು ಅಳೆದಾಗ ಎಲ್ಲವೂ ಸರಿಯಾಗಿದ್ದವು. ಆದರೆ 1ರಿಂದ 3ರವರೆಗೆ ಎಲೆಕ್ಟ್ರಾನ್ ಸಾಗುವ ವೇಗವನ್ನು ಒಟ್ಟಾಗಿ ಅಳೆದಾಗ ಅದು ತೀರ ಕಡಿಮೆ. 2ರಿಂದ 3ರವರೆಗೂ ಹಾಗೆಯೇ. ಈ ಎರಡು ದಾರಿಗಳಿಗೂ ಸಮಾನವಾದದ್ದು ಯಾವುದು? ಕೋಎಂಜೈಮ್ ಕ್ಯೂ10. ಅದನ್ನು ಅಳೆದರು. ಸಾಮಾನ್ಯ ಪ್ರಮಾಣದ ಸುಮಾರು ಇಪ್ಪತ್ತನೇ ಒಂದು ಭಾಗ ಮಾತ್ರ ಇತ್ತು! ಬಾಯಿಯ ಮೂಲಕ ಅದನ್ನು ಕೊಟ್ಟಾಗ ಸುಧಾರಣೆ ಕಂಡಿತು.

ರಕ್ತಪರೀಕ್ಷೆ ಸಾಲದೇ ಎಂದು ನೀವು ಕೇಳಬಹುದು. ರಕ್ತದಲ್ಲಿನ ಕ್ಯೂ10 ಪ್ರಮಾಣ ಆಹಾರವನ್ನೂ ಕೊಲೆಸ್ಟರಾಲನ್ನು ಸಾಗಿಸುವ ಕಣಗಳನ್ನೂ ಅವಲಂಬಿಸಿ ಬದಲಾಗುತ್ತದೆ. ಆದ್ದರಿಂದ ಸ್ನಾಯುವಿನಲ್ಲಿ ಕೊರತೆಯಿದ್ದರೂ ರಕ್ತದಲ್ಲಿ ಅದು ಕಾಣದಿರಬಹುದು. ಯಾವುದನ್ನು ಅಳೆಯಬೇಕು ಎನ್ನುವಷ್ಟೇ ಮುಖ್ಯ, ಎಲ್ಲಿ ಅಳೆಯಬೇಕು ಎನ್ನುವುದು.

ಅಣ್ಣನಿಗೆ ತಡ, ತಂಗಿಗೆ ಸಕಾಲ

ಕ್ಯೂ10 ತಯಾರಿಸುವ ಜೀನುಗಳ ದೋಷವೇ ಇಂಥ ಕೊರತೆಗೆ ಕಾರಣವಾಗಬಲ್ಲದು ಎಂದು 2006ರಲ್ಲಿ ತಿಳಿಯಿತು. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದಾಗ ಕಾಯಿಲೆ ತಲೆದೋರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮ ರಾಜ್ಯದಲ್ಲಿಯೂ ಇರುವುದರಿಂದ ಈ ಮಾತು ನಮಗೆ ದೂರದ್ದಲ್ಲ.

2008ರಲ್ಲಿ ಇಟಲಿಯ ವೈದ್ಯರು ಒಂದೇ ಮನೆಯ ಇಬ್ಬರು ಮಕ್ಕಳ ವರದಿ ಪ್ರಕಟಿಸಿದರು. ಅಣ್ಣನಿಗೆ ಕ್ಯೂ10 ಕೊಡುವ ಹೊತ್ತಿಗೆ ಕಾಯಿಲೆ ಮುಂದುವರಿದಿತ್ತು. ಅವನ ಮೂತ್ರಪಿಂಡಗಳನ್ನು ಉಳಿಸಲಾಗಲಿಲ್ಲ. ತಂಗಿಯ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡ ಹಂತದಲ್ಲೇ ಚಿಕಿತ್ಸೆ ಶುರುವಾಯಿತು. ಅವಳ ಮೂತ್ರಪಿಂಡಗಳು ಚೇತರಿಸಿಕೊಂಡವು, ನರಗಳ ತೊಂದರೆ ಬರಲಿಲ್ಲ. ದೋಷ ಒಂದೇ, ಔಷಧವೂ ಒಂದೇ. ಬೇರೆಯಾಗಿದ್ದು ಕಾಲ. ನುಂಗಿದ ಕ್ಯೂ10 ಮಿದುಳನ್ನು ಸುಲಭವಾಗಿ ತಲಪದು. ಅಲ್ಲಿ ಆದ ಹಾನಿಯನ್ನು ಅನಂತರ ಸರಿಪಡಿಸುವುದು ಬಹಳ ಕಷ್ಟ.

ವಿಟಮಿನ್ನುಗಳ ಪಾತ್ರ

1998ರಲ್ಲಿ ಸೌದಿ ಅರೇಬಿಯದಿಂದ ಇನ್ನೊಂದು ವರದಿ ಬಂದಿತು. ಜ್ವರದ ಬಳಿಕ ಗೊಂದಲ, ತೊದಲು ಮಾತು, ನುಂಗಲು ಕಷ್ಟ - ಹೀಗೆ ಉಲ್ಬಣಿಸುತ್ತಿದ್ದ ಮಿದುಳಿನ ಕಾಯಿಲೆ ಅದು. ಬಯೋಟಿನ್ ಎಂಬ ವಿಟಮಿನ್ನನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಲಕ್ಷಣಗಳು ಕೆಲವೇ ದಿನಗಳಲ್ಲಿ ಮಾಯವಾದವು. ನಿಲ್ಲಿಸಿದರೆ ತಿಂಗಳೊಳಗೆ ಮರುಕಳಿಸಿದವು. ಹಾಗಾದರೆ ಬಯೋಟಿನ್ ಸಾಗಿಸುವ ಜೀನೇ ಕೆಟ್ಟಿರಬೇಕಲ್ಲವೆ? 2005ರಲ್ಲಿ ಪತ್ತೆಯಾದ ಜೀನು ಬೇರೆಯದೇ ಆಗಿತ್ತು. ಅದು ಥಯಮಿನ್, ಅಂದರೆ ವಿಟಮಿನ್ ಬಿ1, ಜೀವಕೋಶದೊಳಗೆ ಹೋಗಲು ಬೇಕಾದ ಪ್ರೋಟೀನಿನ ಜೀನು. ಗ್ಲೂಕೋಸಿನಿಂದ ಬಂದ ಪೈರುವೇಟನ್ನು ಮೈಟೊಕಾಂಡ್ರಿಯದಲ್ಲಿ ಬಳಸಲು ಥಯಮಿನ್ ಅಗತ್ಯ. ಆದ್ದರಿಂದ ಈಗ ಎರಡನ್ನೂ ಕೊಡುತ್ತಾರೆ. ಸಂಶಯ ಬಲವಾಗಿದ್ದರೆ ಜೀನ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಆರಂಭಿಸುತ್ತಾರೆ.

ಕಿವುಡುತನದೊಡನೆ ಗಂಟಲು, ನಾಲಗೆಗಳ ಸ್ನಾಯುಗಳೂ ಸೋಲುವ ಒಂದು ಕಾಯಿಲೆಯನ್ನು ಬ್ರೌನ್ ವರ್ಣಿಸಿದ್ದು 1894ರಲ್ಲಿ. ಅದರ ಒಂದು ಜೀನು ಗೊತ್ತಾಗಿದ್ದು 2010ರಲ್ಲಿ. ಅದು ರೈಬೊಫ್ಲೇವಿನ್, ಅಂದರೆ ವಿಟಮಿನ್ ಬಿ2, ಸಾಗಿಸುವ ಜೀನು. ಎಲೆಕ್ಟ್ರಾನ್ ದಾರಿಯ 1 ಮತ್ತು 2ನೆಯ ಸಂಕೀರ್ಣಗಳಿಗೆ ಬೇಕಾದ ಅಂಶಗಳು ಇದರಿಂದಲೇ ತಯಾರಾಗುತ್ತವೆ. ಈ ವಿಟಮಿನ್ನನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಅನೇಕ ರೋಗಿಗಳು ಸುಧಾರಿಸುತ್ತಾರೆ. ಚಿಕಿತ್ಸೆ ಅಗ್ಗ. ಗುರುತಿಸಲು ಹಿಡಿದದ್ದು ನೂರಕ್ಕೂ ಹೆಚ್ಚು ವರ್ಷ!

ಶಿಕ್ಷಕರು ಗಮನಿಸಬೇಕಾದದ್ದು

ಈ ಕಾಯಿಲೆಗಳು ಅಪರೂಪ. ಮಕ್ಕಳ ದಣಿವಿಗೆ ರಕ್ತಹೀನತೆಯಂಥ ಸಾಮಾನ್ಯ ಕಾರಣಗಳೇ ಹೆಚ್ಚು. ಅಂಗಡಿಯಲ್ಲಿ ದೊರೆಯುವ ಕ್ಯೂ10 ಗುಳಿಗೆಗಳನ್ನು ಆರೋಗ್ಯವಂತರು ನುಂಗಬೇಕೆಂದು ಈ ಚರಿತ್ರೆ ಹೇಳುವುದಿಲ್ಲ. ಆದರೆ ಆಟದಲ್ಲಿ ಎಲ್ಲರಿಗಿಂತ ಬೇಗ ಸೋಲುವ, ಮೊದಲು ಓಡುತ್ತಿದ್ದು ಈಗ ಎಡವುವ, ಕಲಿತದ್ದನ್ನು ಮರೆಯತೊಡಗಿದ ಮಗುವನ್ನು ಸೋಮಾರಿ ಎಂದು ಗದರಿಸುವ ಬದಲು ವೈದ್ಯರಿಗೆ ತೋರಿಸುವಂತೆ ಮನೆಯವರಿಗೆ ಹೇಳಿ. ಆ ಬದಲಾವಣೆಯನ್ನು ದಿನವೂ ನೋಡುವವರು ನೀವೇ.

ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ: ಕ್ಯೂ10ರ ಬದಲು ಸೈಟೋಕ್ರೋಮ್ ಸಿ ಇಲ್ಲವಾಗಿದೆ ಎನ್ನೋಣ. ಹಾಗಿದ್ದರೆ ಯಾವ ಅಳತೆಗಳು ಸರಿಯಾಗಿರುತ್ತವೆ, ಯಾವ ಅಳತೆ ತಪ್ಪುತ್ತದೆ? ನಾಲ್ಕು ಸಂಕೀರ್ಣಗಳ ಚಿತ್ರ ಬರೆದುಕೊಂಡು ಯೋಚಿಸಿ.