ದಿನಕ್ಕೊಂದು ರೂಪಾಯಿಯ ಆರೈಕೆ

"ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ ರೋಗಿಯನ್ನು ನೀವು ಕಂಡಿರಬಹುದು. ಮಾಡುವಂಥದ್ದು ಏನೂ ಉಳಿದಿಲ್ಲ ಎಂಬುದು ಆ ಮಾತಿನ ಅರ್ಥ. ಆದರೆ ಮನೆಗೆ ಬಂದ ಮೇಲೆ ಮಾಡಬೇಕಾದದ್ದು ಬೆಟ್ಟದಷ್ಟಿರುತ್ತದೆ. ನೋವು ತಗ್ಗಬೇಕು, ಹುಣ್ಣು ತೊಳೆಯಬೇಕು, ದುಡಿಯುವವನೇ ಮಲಗಿದ್ದರೆ ಮನೆಯ ಒಲೆಯೂ ಉರಿಯಬೇಕು. ಗುಣವಾಗುವ ಕಾಯಿಲೆಗೆ ಸಾಲವಾದರೂ ಹುಟ್ಟೀತು, ಗುಣವಾಗದ ಕಾಯಿಲೆಗೆ ಯಾರು ಕೊಡುತ್ತಾರೆ?

ಈ ಕೆಲಸ ಮೊದಲಿನಿಂದಲೂ ಜನರ ಹಣದಿಂದಲೇ ನಡೆದುಬಂದಿದೆ. 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ಯಹೂದಿ ಕ್ಯಾನ್ಸರಿನಿಂದ ತೀರಿಕೊಂಡ. ಹೋಟೆಲಿನಲ್ಲಿ ಮಾಣಿಯಾಗಿದ್ದವನು, ಹತ್ತಿರದವರು ಯಾರೂ ಇರಲಿಲ್ಲ. ತನ್ನನ್ನು ವಿಚಾರಿಸಿಕೊಂಡ ಸಿಸಿಲಿ ಸಾಂಡರ್ಸ್ ಅವರಿಗೆ 500 ಪೌಂಡ್ ಬಿಟ್ಟುಹೋದ; ಸಾಯುವವರಿಗಾಗಿ ಅವರು ಮುಂದೆ ಕಟ್ಟಲಿರುವ ಮನೆಗೆ ಅದರಿಂದ ಒಂದು ಕಿಟಕಿಯಾಗಲಿ ಎಂಬುದು ಅವನ ಆಸೆ. ಉಳಿದ ಹಣ ಕೂಡಿಸಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆಯುವಾಗ 1967 ಆಗಿತ್ತು. ನಮ್ಮ ದೇಶದ ಮೊದಲ ಹಾಸ್ಪಿಸ್ ಶಾಂತಿ ಅವೇದನಾ ಸದನ ಮುಂಬಯಿಯಲ್ಲಿ 1986ರಲ್ಲಿ ಬಂತು. ಬೆಂಗಳೂರಿನಲ್ಲಿ 1994ರಲ್ಲಿ ಟ್ರಸ್ಟ್ ಹುಟ್ಟಿ, 1999ರಲ್ಲಿ ಕರುಣಾಶ್ರಯದ ಬಾಗಿಲು ತೆರೆಯಿತು. ಅಲ್ಲಿ ರೋಗಿಯಿಂದ ಹಣ ಪಡೆಯುವುದಿಲ್ಲ.

ಇವೆಲ್ಲ ಕಟ್ಟಡ ಕಟ್ಟಿ, ಹಾಸಿಗೆ ಹಾಕಿ ನಡೆಸಿದ ಸೇವೆ. ದೊಡ್ಡ ದಾನಿಗಳಿಲ್ಲದೆ ಅದು ಕಷ್ಟ. ನಮ್ಮ ನೆರೆಯ ಕೇರಳ ಬೇರೆ ದಾರಿ ಹಿಡಿಯಿತು.

1993ರಲ್ಲಿ ಕಲ್ಲಿಕೋಟೆಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಆರಂಭಿಸಿದರು. ಇಬ್ಬರು ವೈದ್ಯರೂ ಅರಿವಳಿಕೆ ತಜ್ಞರು. ನೋವಿಗೆ ಬೇಕಾದ ಮಾರ್ಫಿನ್ ಮಾತ್ರೆ ದುಬಾರಿಯಲ್ಲ. ಆದರೆ 1985ರ ಮಾದಕವಸ್ತು ಕಾನೂನಿನಿಂದ ಅದರ ಪರವಾನಗಿ ಪಡೆಯುವುದೇ ಹರಸಾಹಸವಾಗಿತ್ತು (ಕಾನೂನು ಸಡಿಲವಾದದ್ದು 2014ರಲ್ಲಿ). ಇನ್ನೊಂದು ತೊಡಕು ದೂರದ್ದು. ಮಲಪ್ಪುರಂ, ವಯನಾಡುಗಳಿಂದ ಗಂಟೆಗಟ್ಟಲೆ ಬಸ್ಸಿನಲ್ಲಿ ಬಂದ ರೋಗಿ ಮತ್ತೆ ಬರುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಆರೈಕೆಯೇ ಮನೆಗೆ ಹೋಗಬೇಕಿತ್ತು. ಊರೂರಿಗೆ ದಾದಿ, ವಾಹನ, ಔಷಧಿ ಒದಗಿಸುವ ಹಣ ಸೊಸೈಟಿಯ ಬಳಿ ಎಲ್ಲಿತ್ತು?

ಆ ಹಣವನ್ನು ಊರೇ ಎತ್ತಿತು. 1999ರಿಂದ 2001ರ ಹೊತ್ತಿಗೆ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ನೆರೆಹೊರೆಯ ಆರೈಕೆ ಜಾಲ ರೂಪುಗೊಂಡಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರಿಗೆ ತರಬೇತಿ ಕೊಟ್ಟರು. ತಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರು ಯಾರೆಂದು ಹುಡುಕುವುದು ಅವರ ಮೊದಲ ಕೆಲಸ. ವೈದ್ಯರು, ದಾದಿಯರು ಅವರ ಬೆನ್ನಿಗೆ ನಿಂತರು. ಅಂಗಡಿಗಳ ಗಲ್ಲಾದ ಪಕ್ಕ ಡಬ್ಬಿ ಇಟ್ಟರು. ದಿನಕ್ಕೊಂದು ರೂಪಾಯಿ ಕೊಡುವವರನ್ನು ಪಟ್ಟಿ ಮಾಡಿದರು. ಶಾಲಾ ಮಕ್ಕಳು ಚಿಲ್ಲರೆ ಕೂಡಿಸಿದರು, ಬಸ್ಸಿನವರು ಒಂದು ದಿನದ ಗಳಿಕೆ ಕೊಟ್ಟರು. ಸಂಗ್ರಹವಾದದ್ದು ಔಷಧಿಗಷ್ಟೇ ಅಲ್ಲ, ರೋಗಿಯ ಮನೆಯ ಅಕ್ಕಿಗೂ ಮಕ್ಕಳ ಪುಸ್ತಕಕ್ಕೂ ಹೋಯಿತು.

ಇದೆಲ್ಲ ಗಲ್ಫ್ ಹಣದ ಮಹಿಮೆ ಎಂದು ನಮ್ಮಲ್ಲಿ ಕೆಲವರು ಮೂಗು ಮುರಿಯುವುದುಂಟು. ಗಲ್ಫಿನ ನೆರವು ಇಲ್ಲವೆಂದಲ್ಲ. ಆದರೆ ಡಬ್ಬಿಗೆ ನಾಣ್ಯ ಹಾಕುವವನಿಗೆ ಅದು ಯಾವ ಮನೆಗೆ ಹೋಗುತ್ತದೆಂದು ಗೊತ್ತು, ಖಜಾಂಚಿಯನ್ನು ಚಹಾದಂಗಡಿಯಲ್ಲೇ ಹಿಡಿದು ಲೆಕ್ಕ ಕೇಳಬಲ್ಲ. ನನ್ನ ಎಣಿಕೆಯಲ್ಲಿ ಈ ಜಾಲ ಉಳಿದದ್ದು ಅದರಿಂದ. ತೊಂದರೆಯೂ ಇದೆ. ಚಂದಾ ಇಳಿದ ತಿಂಗಳು ದಾದಿಯ ಸಂಬಳಕ್ಕೆ ಪರದಾಟ. ಬಡವರೇ ತುಂಬಿದ ಊರಿನಲ್ಲಿ ಡಬ್ಬಿ ಬೇಗ ತುಂಬುವುದಿಲ್ಲ.

ಸರ್ಕಾರ ಕೈಜೋಡಿಸಿದ್ದು ಜನರ ನಂತರ. 2008ರಲ್ಲಿ ಕೇರಳ ಪ್ಯಾಲಿಯೇಟಿವ್ ಕೇರ್ ನೀತಿಯನ್ನು ಘೋಷಿಸಿತು. ಪಂಚಾಯತಿಗಳು ತಮ್ಮ ಯೋಜನಾ ಹಣದಿಂದ ಮನೆಮನೆಗೆ ಹೋಗುವ ದಾದಿಯರನ್ನು ನೇಮಿಸತೊಡಗಿದವು. 2010ರಲ್ಲಿ ಲಂಡನ್ನಿನ ಎಕನಾಮಿಸ್ಟ್ ಸಂಸ್ಥೆಯ ಸಂಶೋಧನಾ ವಿಭಾಗ, ಕೊನೆಗಾಲದ ಆರೈಕೆಯ ಪಟ್ಟಿಯಲ್ಲಿ 40 ದೇಶಗಳ ಪೈಕಿ ಭಾರತವನ್ನು ಕಟ್ಟಕಡೆಯಲ್ಲಿ ಇಟ್ಟಿತು. ಅದೇ ವರದಿ, ದೇಶದ ಜನಸಂಖ್ಯೆಯಲ್ಲಿ ಶೇ. 3ರಷ್ಟಿರುವ ಕೇರಳ ಇಂಥ ಸೇವೆಯ ಮೂರನೇ ಎರಡು ಭಾಗವನ್ನು ಕೊಡುತ್ತಿದೆ ಎಂದೂ ಬರೆಯಿತು.

ಜನವರಿ 15 ಕೇರಳದಲ್ಲಿ ಪ್ಯಾಲಿಯೇಟಿವ್ ಕೇರ್ ದಿನ. ಪಂಚಾಯತಿಯ ದಾದಿ ಬಂದ ಮೇಲೂ ಅಂದು ವಿದ್ಯಾರ್ಥಿಗಳು, ಸ್ವಯಂಸೇವಕರು ಡಬ್ಬಿ ಹಿಡಿದು ಬೀದಿಗಿಳಿಯುತ್ತಾರೆ.