ಲಾರಿಯ ಬೆನ್ನು ಬಾಗಿದಾಗ

ಹಳೆಯ ಲಾರಿಯೊಂದು ಖಾಲಿ ನಿಂತಿದ್ದರೂ ಅದರ ಹಿಂಭಾಗ ನೆಲದತ್ತ ಜಗ್ಗಿಕೊಂಡಿರುವುದನ್ನು ನೀವು ನೋಡಿರಬಹುದು. ಹಿಂದಿನ ಆಕ್ಸಲ್‌ನ ಮೇಲೆ ಕಮಾನಿನಂತೆ ಬಾಗಿರಬೇಕಾದ ಉಕ್ಕಿನ ಪಟ್ಟಿಗಳು ಚಪ್ಪಟೆಯಾಗಿರುತ್ತವೆ. ಇದಕ್ಕೆ ಬಹುಕಾಲದಿಂದ ರೂಢಿಯಲ್ಲಿರುವ ಪರಿಹಾರಗಳು ಎರಡು. ಪಟ್ಟಿಗಳನ್ನು ಬಿಚ್ಚಿ ಸುತ್ತಿಗೆಯಿಂದ ಬಡಿದು ಮತ್ತೆ ಬಾಗಿಸುವುದು ಒಂದು. ಹೆಚ್ಚುವರಿ ಪಟ್ಟಿಯೊಂದನ್ನು ಸೇರಿಸುವುದು ಇನ್ನೊಂದು. ಇವು ಎಷ್ಟು ಸರಿ? ಘಾಟಿಯ ಇಳಿಜಾರಿನಲ್ಲಿ ಚಾಲಕ ಮತ್ತು ಕ್ಲೀನರ್ ಇಬ್ಬರ ಜೀವವೂ ಈ ಪ್ರಶ್ನೆಗೆ ಅಂಟಿಕೊಂಡಿದೆ. ಉತ್ತರ ಸಿಗಬೇಕಾದರೆ ಮೂರು ಶತಮಾನಗಳಷ್ಟು ಹಿಂದೆ ಹೋಗಬೇಕು.

ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಸ್ಪ್ರಿಂಗುಗಳ ನಿಯಮವನ್ನು ಪ್ರಕಟಿಸಿದ. ಭಾರ ಎಷ್ಟು ಪಟ್ಟು ಹೆಚ್ಚುತ್ತದೆಯೋ ಸ್ಪ್ರಿಂಗಿನ ಬಾಗು ಅಷ್ಟೇ ಪಟ್ಟು ಹೆಚ್ಚುತ್ತದೆ. ಭಾರ ತೆಗೆದರೆ ಅದು ಮೊದಲ ಆಕಾರಕ್ಕೆ ಮರಳುತ್ತದೆ. ಆದರೆ ಇದು ಸ್ಥಿತಿಸ್ಥಾಪಕ ಮಿತಿಯೊಳಗೆ ಮಾತ್ರ ನಿಜ. ಮಿತಿ ದಾಟಿದರೆ ಬಾಗಿನ ಒಂದಂಶ ಶಾಶ್ವತವಾಗಿ ಉಳಿದುಬಿಡುತ್ತದೆ.

ಒಳ್ಳೆಯ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಬೇಕು. ಗಡಿಯಾರ ತಯಾರಕನಾಗಿದ್ದ ಬೆಂಜಮಿನ್ ಹಂಟ್ಸ್‌ಮನ್, ಗಡಿಯಾರದ ಸ್ಪ್ರಿಂಗಿಗೆ ತಕ್ಕ ಉಕ್ಕನ್ನು ಹುಡುಕುತ್ತಾ 1740ರ ದಶಕದಲ್ಲಿ ಶೆಫೀಲ್ಡ್ ಬಳಿ ಉಕ್ಕನ್ನು ಮೂಸೆಯಲ್ಲಿ ಕರಗಿಸಿ ಏಕರೂಪಗೊಳಿಸುವ ವಿಧಾನವನ್ನು ರೂಪಿಸಿದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಒಬಡಯಾ ಎಲಿಯಟ್ ಕುದುರೆಗಾಡಿಗಳಿಗೆ ಪಟ್ಟಿ ಸ್ಪ್ರಿಂಗುಗಳನ್ನು ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಪ್ರಯಾಣದ ಕುಲುಕಾಟ ಕಡಿಮೆಯಾಯಿತು.

ಒಂದೇ ದಪ್ಪ ಪಟ್ಟಿಯ ಬದಲು ಹಲವು ತೆಳು ಪಟ್ಟಿಗಳೇಕೆ? ರೈಲ್ವೆ ಸ್ಪ್ರಿಂಗುಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿನ ಎಂಜಿನಿಯರ್ ಎದುವಾರ್ ಫಿಲಿಪ್ಸ್ 1852ರಲ್ಲಿ ಇದಕ್ಕೆ ಗಣಿತದ ತಳಹದಿ ಒದಗಿಸಿದ. ಪಟ್ಟಿಯೊಂದರ ಬಿಗುವು ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಎರಡರಷ್ಟಾದರೆ ಬಿಗುವು ಎಂಟರಷ್ಟಾಗುತ್ತದೆ. ಆದರೆ ಒಂದರ ಮೇಲೊಂದು ಜಾರಬಲ್ಲ ಎರಡು ಪಟ್ಟಿಗಳಿದ್ದರೆ ಬಿಗುವು ಎರಡರಷ್ಟು ಮಾತ್ರ. ಹೀಗಾಗಿ ತೆಳು ಪಟ್ಟಿಗಳ ಕಂತೆ ಭಾರವನ್ನೂ ಹೊರುತ್ತದೆ, ಬಳುಕುತ್ತದೆ ಕೂಡ. ಪಟ್ಟಿಗಳ ಉದ್ದವನ್ನು ಕ್ರಮವಾಗಿ ಕಡಿಮೆ ಮಾಡುತ್ತಾ ಹೋದರೆ ಪೀಡನವು ಇಡೀ ಸ್ಪ್ರಿಂಗಿನಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುತ್ತದೆ.

ಮೋಟಾರು ವಾಹನಗಳು ಈ ವಿನ್ಯಾಸವನ್ನು ಗಾಡಿಗಳಿಂದಲೇ ಪಡೆದವು. ಭಾರತದಲ್ಲಿ 1954ರಲ್ಲಿ ಡೈಮ್ಲರ್-ಬೆಂಜ್ ಸಹಯೋಗದೊಂದಿಗೆ ಟೆಲ್ಕೊ ಕಂಪನಿಯು ಜಮ್‌ಶೆಡ್‌ಪುರದಲ್ಲಿ ತಯಾರಿಸಲಾರಂಭಿಸಿದ ಲಾರಿಗಳೂ ಇಂಥ ಪಟ್ಟಿ ಸ್ಪ್ರಿಂಗುಗಳ ಮೇಲೆಯೇ ಓಡಿದವು.

ಈಗ ಮೊದಲ ಪ್ರಶ್ನೆಗೆ ಬರೋಣ. ಕುಸಿದ ಸ್ಪ್ರಿಂಗು ‘ಮೆತ್ತಗಾಗಿದೆ’ ಎಂಬ ನಂಬಿಕೆ ಸಾಮಾನ್ಯ. ಇದು ತಪ್ಪು. ಬಿಗುವನ್ನು ನಿರ್ಧರಿಸುವುದು ಪಟ್ಟಿಯ ಅಳತೆ ಮತ್ತು ಉಕ್ಕಿನ ಯಂಗ್ ಗುಣಾಂಕ. ಈ ಗುಣಾಂಕವು ಉಕ್ಕನ್ನು ಎಷ್ಟೇ ಹದಗೊಳಿಸಿದರೂ, ಎಷ್ಟೇ ಹಳೆಯದಾದರೂ ಸುಮಾರು 200 ಗಿಗಾಪಾಸ್ಕಲ್ ಆಗಿಯೇ ಉಳಿಯುತ್ತದೆ. ಬದಲಾಗಿರುವುದು ಭಾರವಿಲ್ಲದಾಗಿನ ಆಕಾರ ಮಾತ್ರ. ಅತಿಭಾರ ಮತ್ತು ವರ್ಷಗಟ್ಟಲೆಯ ದುಡಿಮೆ ಕಮಾನನ್ನು ಸ್ವಲ್ಪ ಸ್ವಲ್ಪವಾಗಿ ಚಪ್ಪಟೆ ಮಾಡಿವೆ. ತುಕ್ಕು ಹಿಡಿದು ಪಟ್ಟಿ ಸವೆದಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಮಾತು ಬೇರೆ.

ಹಾಗಾದರೆ ತಣ್ಣಗಿರುವಾಗಲೇ ಬಡಿದು ಬಾಗಿಸಿದರಾಯಿತಲ್ಲವೇ? ಮ್ಯೂನಿಕ್ಕಿನ ಯೋಹಾನ್ ಬೌಷಿಂಗರ್ 1880ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ಎಚ್ಚರಿಸುತ್ತವೆ. ಲೋಹವನ್ನು ಒಂದು ದಿಕ್ಕಿನಲ್ಲಿ ಮಿತಿ ಮೀರಿ ಮಣಿಸಿದರೆ, ವಿರುದ್ಧ ದಿಕ್ಕಿನಲ್ಲಿ ಅದು ಬೇಗ ಮಣಿಯುತ್ತದೆ. ಲಾರಿಗೆ ಭಾರ ಬಿದ್ದಾಗ ಪಟ್ಟಿಯ ಮೇಲ್ಮೈ ಹಿಗ್ಗುತ್ತದೆ. ಕಾರ್ಖಾನೆಯಲ್ಲಿ ಹೊಸ ಸ್ಪ್ರಿಂಗನ್ನು ಒಮ್ಮೆ ಬೇಕೆಂದೇ ಮಿತಿ ಮೀರಿ ಒತ್ತುತ್ತಾರೆ. ಒತ್ತಡ ಬಿಟ್ಟಾಗ ಮೇಲ್ಮೈಯಲ್ಲಿ ಸಂಕೋಚನ ಪೀಡನ ಉಳಿದು ಅದು ರಕ್ಷಾಕವಚವಾಗುತ್ತದೆ. ತಣ್ಣನೆಯ ಪಟ್ಟಿಯನ್ನು ಬಡಿದು ಬಾಗಿಸಿದಾಗ ಆಗುವುದು ಇದರ ತದ್ವಿರುದ್ಧ: ಮೇಲ್ಮೈಯಲ್ಲಿ ಎಳೆತದ ಪೀಡನ ಉಳಿಯುತ್ತದೆ. ಭಾರದಿಂದ ಬರುವ ಎಳೆತವೂ ಇದಕ್ಕೆ ಸೇರಿ ಸ್ಪ್ರಿಂಗು ಬೇಗ ಕುಸಿಯುತ್ತದೆ, ಬಿರುಕೂ ಬೇಗ ಮೂಡುತ್ತದೆ. ಪದೇ ಪದೇ ಬೀಳುವ ಭಾರದಿಂದ ಲೋಹ ದಣಿದು ಮುರಿಯುತ್ತದೆ ಎಂಬುದನ್ನು ಜರ್ಮನಿಯ ಆಗುಸ್ಟ್ ವೋಲರ್ ರೈಲ್ವೆ ಆಕ್ಸಲ್‌ಗಳ ಮೇಲಿನ ಪ್ರಯೋಗಗಳಿಂದ 1870ರ ಹೊತ್ತಿಗೇ ತೋರಿಸಿದ್ದ.

ಕುಲುಮೆಯಲ್ಲಿ ಕಾಯಿಸಿ ಬಾಗಿಸಿ ಹಾಗೆಯೇ ಆರಲು ಬಿಟ್ಟರೂ ಉಪಯೋಗವಿಲ್ಲ. ಉಕ್ಕಿನ ಹದ ಹೋಗಿ ಪಟ್ಟಿ ಬೇಗನೆ ಮಣಿಯುತ್ತದೆ. ಸರಿಯಾದ ಕ್ರಮವೆಂದರೆ ಪಟ್ಟಿಯನ್ನು ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400ರಿಂದ 500 ಡಿಗ್ರಿಯವರೆಗೆ ಕಾಯಿಸಿ ಹದಗೊಳಿಸುವುದು. ಬಳಿಕ ಮೇಲ್ಮೈಗೆ ಉಕ್ಕಿನ ಸಣ್ಣ ಗುಂಡುಗಳ ಹೊಡೆತ ಕೊಟ್ಟರೆ ಬಾಳಿಕೆ ಹೆಚ್ಚುತ್ತದೆ.

ಇನ್ನೊಂದು ಪಟ್ಟಿ ಸೇರಿಸುವ ಉಪಾಯವನ್ನೂ ಲೆಕ್ಕ ಹಾಕಿ ನೋಡೋಣ. ಸಮ ದಪ್ಪದ 10 ಪಟ್ಟಿಗಳ ಸ್ಪ್ರಿಂಗು ಒಂದು ಭಾರಕ್ಕೆ 10 ಸೆಂಟಿಮೀಟರ್ ಇಳಿಯುತ್ತದೆ ಎನ್ನೋಣ. 11 ಪಟ್ಟಿಗಳಾದರೆ ಸುಮಾರು 9.1 ಸೆಂಟಿಮೀಟರ್ ಇಳಿಯುತ್ತದೆ. ಬಿಗುವಿನಿಂದ ಸಿಗುವ ಲಾಭ ಒಂದು ಸೆಂಟಿಮೀಟರಿಗೂ ಕಡಿಮೆ. ಉಳಿದ ಏರಿಕೆ ಬರುವುದು ಹೊಸ ಪಟ್ಟಿ ಹೆಚ್ಚು ಬಾಗಿದ್ದು ಹಳೆಯವುಗಳನ್ನು ಮೇಲೆತ್ತುವುದರಿಂದ. ಅಂದರೆ ಆ ಪಟ್ಟಿ ತನ್ನ ಪಾಲಿಗಿಂತ ಹೆಚ್ಚು ದುಡಿಯುತ್ತದೆ. ಚಾಸಿ, ಆಕ್ಸಲ್, ಟೈರುಗಳ ಸಾಮರ್ಥ್ಯವಂತೂ ಹೆಚ್ಚುವುದಿಲ್ಲ. ಲಾರಿ ಎತ್ತರವಾಗಿ ನಿಂತ ಮಾತ್ರಕ್ಕೆ ಹೆಚ್ಚು ಭಾರ ಹೇರುವುದು ಅಪಾಯಕರ.

ತರಗತಿಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ಉಕ್ಕಿನ ಅಡಿಪಟ್ಟಿಯೊಂದನ್ನು ಮೇಜಿನ ಅಂಚಿಗೆ ಬಿಗಿದು, ಹೊರಚಾಚಿದ ತುದಿಗೆ ತೂಕ ಕಟ್ಟಿ ಇಳಿತವನ್ನು ಅಳೆಯಿರಿ. ಅಂಥದೇ ಇನ್ನೊಂದನ್ನು ಅಂಟಿಸದೆ ಮೇಲಿಟ್ಟು ಬಿಗಿದು ಮತ್ತೆ ಅಳೆಯಿರಿ. ಇಳಿತ ಸುಮಾರು ಅರ್ಧಕ್ಕೆ ಬರುತ್ತದೆ. ನಂತರ ಒಂದು ಅಡಿಪಟ್ಟಿಯನ್ನು ಕೈಯಿಂದ ಶಾಶ್ವತವಾಗಿ ಬಾಗಿಸಿ ಅದೇ ತೂಕದಿಂದ ಪರೀಕ್ಷಿಸಿ. ತುದಿ ಇರುವ ಜಾಗ ಬದಲಾಗಿರುತ್ತದೆ; ಇಳಿತ ಮಾತ್ರ ಬಹುಮಟ್ಟಿಗೆ ಮೊದಲಿನಷ್ಟೇ. ಹಳೆಯ ಲಾರಿಯ ಹಿಂಭಾಗ ಹೇಳುತ್ತಿರುವುದೂ ಇದನ್ನೇ.